ಸೆವಿಯಾದ ಸೆಮಾನಾ ಸಾಂತಾ: ಚೂಪು ಟೋಪಿ ಒಳಗೆ ಯಾರು, ತೇರಿನ ಕೆಳಗೆ ಯಾರು

ಈ ಫೋಟೋ ನೀವೂ ನೋಡಿರ್ತೀರ. ಸಾಲಾಗಿ ನಿಂತಿರೋ ಜನ, ಕಾಲು ಮುಚ್ಚೋ ನಿಲುವಂಗಿ, ಮುಖದ ಮೇಲೆ ಬಟ್ಟೆ, ಕಣ್ಣಿಗೆ ಎರಡು ತೂತು, ತಲೆ ಮೇಲೆ ಮೊಳದುದ್ದ ಚೂಪು ಟೋಪಿ, ಕೈಯಲ್ಲಿ ಎದೆ ಎತ್ತರದ ಮೇಣದಬತ್ತಿ. ಯಾರೋ ವಾಟ್ಸಾಪ್ ಗ್ರೂಪಲ್ಲಿ ಹಾಕಿ "ಏನಪ್ಪ ಇದು, ಭಯ ಆಗತ್ತೆ" ಅಂತಾರೆ, ಎಲ್ಲಾ ಬಲ್ಲ ಇನ್ನೊಬ್ರು ಕೂಡ್ಲೇ ಬಂದು "ಇವರು ಅಮೆರಿಕದ ಆ ಕು ಕ್ಲಕ್ಸ್ ಕ್ಲಾನ್, ಕರಿಯರನ್ನ ದ್ವೇಷಿಸೋ ಬಿಳಿಯರ ಗುಂಪು" ಅಂತ ತೀರ್ಪು ಕೊಟ್ಟುಬಿಡ್ತಾರೆ. ಅಲ್ಲ ಸ್ವಾಮಿ. ಇವರಿಗೂ ಅವರಿಗೂ ಯಾವ ಸಂಬಂಧನೂ ಇಲ್ಲ. ಅಮೆರಿಕದವರ ಆ ಬಿಳಿ ಚೂಪು ಟೋಪಿ ಯೂನಿಫಾರ್ಮ್ ಆಗಿ ನಿಂತಿದ್ದು 1915ರ ಒಂದು ಸಿನಿಮಾ ಆದಮೇಲೆ, ಸ್ಪೇನಿನವರದ್ದು ಅದಕ್ಕಿಂತ ನೂರಾರು ವರ್ಷ ಹಳೇದು. ಇನ್ಕ್ವಿಸಿಷನ್, ಅಂದ್ರೆ ಧರ್ಮ ಬಿಟ್ಟವರನ್ನ ವಿಚಾರಣೆ ಮಾಡೋ ಚರ್ಚಿನ ನ್ಯಾಯಾಲಯದ ಕಾಲದಲ್ಲಿ ಶಿಕ್ಷೆಗೆ ಗುರಿಯಾದವನ ತಲೆಗೆ ಚೂಪು ಕಾಗದದ ಟೋಪಿ ಹಾಕಿ ಊರೆಲ್ಲ ಮೆರವಣಿಗೆ ಮಾಡಿಸ್ತಿದ್ರು, ಮುಂದೆ ಪ್ರಾಯಶ್ಚಿತ್ತ ಮಾಡ್ಕೊಳ್ಳೋರು ಅದೇ ಆಕಾರನ ತಾವಾಗೇ ತಲೆಗೆ ಏರಿಸ್ಕೊಂಡ್ರು, ಮುಖ ಮುಚ್ಚಿಕೊಂಡ್ರು, ಯಾಕಂದ್ರೆ ಪ್ರಾಯಶ್ಚಿತ್ತ ಮಾಡ್ತಿರೋದು ನಾನು ಅಂತ ಪಕ್ಕದ ಮನೆಯವರಿಗೆ ಗೊತ್ತಾದ್ರೆ ಅದು ಜಂಬ ಆಗೋಗತ್ತಲ್ಲ.

ಊರು ದಕ್ಷಿಣ ಸ್ಪೇನಿನ ಸೆವಿಲ್, ಅಲ್ಲಿಯವರ ಬಾಯಲ್ಲಿ ಸೆವಿಯಾ. ಹಬ್ಬದ ಹೆಸರು ಸೆಮಾನಾ ಸಾಂತಾ, ಪವಿತ್ರ ವಾರ ಅಂತ ಅರ್ಥ, ಈಸ್ಟರ್‌ಗೆ ಮುಂಚಿನ ಗರಿಗಳ ಭಾನುವಾರದಿಂದ ಈಸ್ಟರ್ ಭಾನುವಾರದ ತನಕ. ತಾರೀಖು ಪ್ರತಿ ವರ್ಷ ಓಡಾಡತ್ತೆ, ನಮ್ಮ ಯುಗಾದಿ ಥರಾನೇ ಚಂದ್ರನ ಲೆಕ್ಕ. ಮಾರ್ಚ್ 21ಕ್ಕೋ ಅದಾದಮೇಲೋ ಬರೋ ಮೊದಲನೇ ಹುಣ್ಣಿಮೆ ಹಿಡ್ಕೊಂಡು, ಅದರ ನಂತರದ ಭಾನುವಾರ ಈಸ್ಟರ್. 2026ಕ್ಕೆ ಏಪ್ರಿಲ್ 5, 2027ಕ್ಕೆ ಮಾರ್ಚ್ 28. ಈ ಲೆಕ್ಕದಿಂದ ಒಂದು ಲಾಭ ಇದೆ, ಮೋಡ ಇಲ್ದೇ ಇದ್ರೆ ಆ ವಾರದ ರಾತ್ರಿಗಳಲ್ಲಿ ಮೇಲೆ ಚಂದ್ರ ತುಂಬಿಕೊಂಡೇ ಇರ್ತಾನೆ. ಜೊತೆಗೆ ಅದೇ ಸಮಯಕ್ಕೆ ಊರಿನ ಬೀದಿ ಬೀದಿಯ ಕಹಿ ಕಿತ್ತಳೆ ಮರಗಳೂ ಹೂ ಬಿಟ್ಟಿರ್ತವೆ. ಆ ಹೂವಿನ ವಾಸನೆ, ಸಾಂಬ್ರಾಣಿ ಹೊಗೆ, ಕರಗ್ತಿರೋ ಮೇಣ, ಮೂರೂ ಸೇರಿ ಮೂಗಿಗೆ ಹೊಡೆದ್ರೆ ಆಯ್ತು, ಸೆವಿಯಾದವನು ಪ್ರಪಂಚದ ಯಾವ ಮೂಲೇಲಿದ್ರೂ ಊರು ನೆನಪಾಗಿ ಕಣ್ಣು ಒದ್ದೆ ಮಾಡ್ಕೋತಾನೆ.

ಮೊದಲನೇ ಸಲ ಹೋದವರ ಅನುಭವ ಸಾಮಾನ್ಯವಾಗಿ ಹೀಗಿರತ್ತೆ: ಒಂದು ಗಲ್ಲಿಯಲ್ಲಿ ಸಿಕ್ಕಿಹಾಕ್ಕೊಂಡು, ಮುಂದೆ ಐನೂರು ಟೋಪಿ ಹೋಗೋದು ನೋಡಿ, ಕಾಲು ನೋವು ಬಂದು, "ಎಲ್ಲಾ ಒಂದೇ ಥರ ಇದ್ಯಲ್ಲ" ಅಂತ ರೂಮಿಗೆ ವಾಪಸ್. ನಂದೂ ಮೊದಲನೇ ಸಂಜೆ ಇದೇ ಕಥೆ. ಯಾವ ಭಾಗ ಏನು ಅಂತ ಗೊತ್ತಿಲ್ದೇ ಹೋದ್ರೆ ಇದು ಬರೀ ಟ್ರಾಫಿಕ್ ಜಾಮ್. ಗೊತ್ತಾದ್ರೆ ಒಂದು ಬೀದಿ ಮೂಲೇಲಿ ನಾಲ್ಕು ಗಂಟೆ ನಿಂತ್ರೂ ಸಾಲಲ್ಲ. ಅದಕ್ಕೇ ಒಂದು ಮೆರವಣಿಗೆಯನ್ನ ತಲೆಯಿಂದ ಬಾಲದವರೆಗೂ ಬಿಡಿಸಿ ಹೇಳೋಣ ಅಂತ ಕೂತಿದೀನಿ.

ಮೊದಲು ಇದನ್ನ ನಡೆಸೋದು ಯಾರು ಅನ್ನೋದು. ಚರ್ಚ್ ಅಲ್ಲ, ನಗರಸಭೆ ಅಲ್ಲ, ಟೂರಿಸಂ ಇಲಾಖೆಯಂತೂ ಅಲ್ವೇ ಅಲ್ಲ. ಎರ್ಮಂದಾದ್ ಅಂತ ಕರೆಯೋ ಸೋದರ ಬಳಗಗಳು. ಒಂದೊಂದು ಬಳಗಕ್ಕೂ ಅದರದ್ದೇ ಗುಡಿ ಥರ ಒಂದು ಚರ್ಚು ಅಥವಾ ಚಾಪೆಲ್, ಅದರದ್ದೇ ಮೂರ್ತಿಗಳು, ಅದರದ್ದೇ ಬಣ್ಣ, ಅದರದ್ದೇ ದಿನ. ಸುಮಾರು 60 ಬಳಗಗಳು ಆ ವಾರದಲ್ಲಿ ತಮ್ಮ ತಮ್ಮ ಬಡಾವಣೆಯಿಂದ ಹೊರಟು ಕ್ಯಾಥೆಡ್ರಲ್ ತನಕ ನಡೆದು ವಾಪಸ್ ಬರ್ತವೆ. ಇಷ್ಟೇ ವಿಷಯ. ಮನೆಯಿಂದ ದೊಡ್ಡ ದೇವಸ್ಥಾನಕ್ಕೆ ಹೋಗಿ ಮನೆಗೆ ಬರೋದು. ಆದ್ರೆ ಕೆಲವಕ್ಕೆ ಅದಕ್ಕೇ ಹನ್ನೆರಡು ಹದಿನಾಲ್ಕು ಗಂಟೆ ಹಿಡಿಯತ್ತೆ.

ಈ ಬಳಗಗಳ ಇತಿಹಾಸ ಕೆದಕಿದ್ರೆ ಊರಿನ ಇತಿಹಾಸಾನೇ ಸಿಗತ್ತೆ. ಒಂದೊಂದು ಕಸುಬಿನವರು, ಒಂದೊಂದು ಜನ, ಕಷ್ಟಕ್ಕೆ ಆಗೋಕೆ ಅಂತ ಕಟ್ಕೊಂಡಿದ್ದು ಇವು. ಬ್ರೆಡ್ ಮಾಡೋರ ಹೆಸರಿನ ಲೋಸ್ ಪನದೇರೋಸ್ ಇದೆ, ತಂಬಾಕು ಫ್ಯಾಕ್ಟರಿಯಲ್ಲಿ ಚುರುಟು ಸುತ್ತೋ ಹೆಂಗಸರ ಹೆಸರಲ್ಲಿ ಲಾಸ್ ಸಿಗರೇರಾಸ್ ಇದೆ. ಲೋಸ್ ನೆಗ್ರಿತೋಸ್ ಅಂತ ಒಂದಿದೆ, 14ನೇ ಶತಮಾನದ ಕೊನೇಲಿ ಆಫ್ರಿಕಾದಿಂದ ಬಂದ ಕರಿಯ ಗುಲಾಮರಿಗೂ ಬಿಡುಗಡೆ ಆದವರಿಗೂ ಅಂತ ಶುರುವಾಗಿದ್ದು, ಇವತ್ತಿಗೂ ಗುರುವಾರ ಮೆರವಣಿಗೆ ಹೊರಡತ್ತೆ. ಲೋಸ್ ಖಿತಾನೋಸ್ 1753ರಲ್ಲಿ ಜಿಪ್ಸಿಗಳು ಕಟ್ಟಿದ್ದು, ಆ ಜನರ ಮೂಲ ನಮ್ಮ ಉತ್ತರ ಭಾರತದ ಕಡೆಯದ್ದು, ಸ್ಪೇನಿಗೆ ಅವರು ಬಂದ ದಾಖಲೆ 1425ರಿಂದ ಸಿಗತ್ತೆ. ಮಗು ಹುಟ್ಟಿ ಕೆಲವೇ ದಿನಕ್ಕೆ ಅಪ್ಪ ಓಡೋಗಿ ತನ್ನ ಬಳಗದಲ್ಲಿ ಹೆಸರು ಬರೆಸಿಬಿಡೋದು ಇಲ್ಲಿ ಮಾಮೂಲು, ಯಾಕಂದ್ರೆ ಇಲ್ಲಿ ಎಲ್ಲಾ ಸೀನಿಯಾರಿಟಿ ಮೇಲೆ. ಹಳೇ ಸದಸ್ಯ ಆದಷ್ಟೂ ಮೆರವಣಿಗೆಯಲ್ಲಿ ಮೂರ್ತಿಗೆ ಹತ್ರ ಜಾಗ.

ಹೇಗೆ ಶುರುವಾಯ್ತು ಅನ್ನೋದಕ್ಕೆ ಒಂದೇ ಉತ್ತರ ಇಲ್ಲ. 1520ರಲ್ಲಿ ಜೆರುಸಲೇಮಿಂದ ವಾಪಸ್ ಬಂದ ತರೀಫಾದ ಮಾರ್ಕ್ವಿಸ್, ಏಸು ಶಿಲುಬೆ ಹೊತ್ತು ನಡೆದಷ್ಟೇ ದೂರ ನಮ್ಮೂರಲ್ಲೂ ನಡೀಬೇಕು ಅಂತ 1521ರಲ್ಲಿ ತನ್ನ ಅರಮನೆಯಿಂದ ಊರಾಚೆ ಹೊಲದಲ್ಲಿದ್ದ ಒಂದು ಶಿಲುಬೆ ಮಂಟಪದ ತನಕ ದಾರಿ ಗುರುತು ಮಾಡಿಸಿದ ಅಂತ ಹೇಳ್ತಾರೆ. ಆ ಮಂಟಪದ ಹೆಸರು ಕ್ರೂಸ್ ದೆಲ್ ಕಾಂಪೊ, ಹೊಲದ ಶಿಲುಬೆ. ಮುಂದೆ 1904ರಲ್ಲಿ ಅದರ ಪಕ್ಕದಲ್ಲೇ ಬಿಯರ್ ಫ್ಯಾಕ್ಟರಿ ಬಂತು, ಸೆವಿಯಾದಲ್ಲಿ ಎಲ್ಲಿ ಕೂತ್ರೂ ಕೈಗೆ ಬರೋ ಕ್ರೂಸ್‌ಕಾಂಪೊ ಬಿಯರ್‌ಗೆ ಆ ಹೆಸರು ಅಲ್ಲಿಂದಾನೇ, ದೇವರ ದಾರಿ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟತ್ತೆ ನೋಡಿ. ಅದಿರ್ಲಿ. ಉತ್ತರ ಯುರೋಪಿನ ಪ್ರಾಟೆಸ್ಟೆಂಟರು ಮೂರ್ತಿ ಬೇಡ ಅಂತಿದ್ದಾಗ 1545ರಿಂದ 1563ರ ತನಕ ನಡೆದ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಸಭೆ ಮೂರ್ತಿ ಇರ್ಲಿ, ಓದು ಬರಹ ಇಲ್ಲದವರಿಗೆ ಅದೇ ಪಾಠ ಅಂತು, ಅದಾದಮೇಲೆ ಸೆವಿಯಾದ ಬಳಗಗಳಿಗೆ ಕೈಕಾಲು ಬಂತು. 1604ರಲ್ಲಿ ಇಲ್ಲಿಯ ಕಾರ್ಡಿನಲ್ ಎಲ್ಲಾ ಬಳಗಗಳೂ ಕಂಡ ಕಂಡ ಕಡೆ ಅಲೆಯೋದು ಬಿಟ್ಟು ಕ್ಯಾಥೆಡ್ರಲ್‌ಗೆ ಬರಬೇಕು ಅಂತ ಆರ್ಡರ್ ಮಾಡಿದ. ಹೊಳೆ ಆಚೆಯ ತ್ರಿಯಾನಾದವರಿಗೆ ಮಾತ್ರ ಅಲ್ಲೇ ಸಾಂತಾ ಆನಾ ಚರ್ಚಿಗೆ ಹೋದ್ರೆ ಸಾಕು ಅಂತ ವಿನಾಯಿತಿ, ಯಾಕಂದ್ರೆ ಆಗ ಗ್ವಾದಲ್ಕಿವಿರ್ ಹೊಳೆಗೆ ಇದ್ದಿದ್ದು ದೋಣಿ ಜೋಡಿಸಿದ ಸೇತುವೆ. ತ್ರಿಯಾನಾದ ಒಂದು ಬಳಗ ಧೈರ್ಯ ಮಾಡಿ ಆ ಅಲ್ಲಾಡೋ ಸೇತುವೆ ದಾಟಿದ್ದು 1830ರಲ್ಲಿ. ತ್ರಿಯಾನಾದವರು ಇವತ್ತಿಗೂ ಊರೊಳಗೆ ಹೋಗೋಕೆ "ಸೆವಿಯಾಗೆ ಹೋಗಿ ಬರ್ತೀನಿ" ಅಂತಾರೆ, ಇರೋದು ಬರೀ ಒಂದು ಸೇತುವೆ ದೂರ.

ಈಗ ಮೆರವಣಿಗೆ. ಎಲ್ಲಕ್ಕಿಂತ ಮುಂದೆ ಒಂದು ದೊಡ್ಡ ಶಿಲುಬೆ, ಕ್ರೂಸ್ ದೆ ಗೀಯಾ, ದಾರಿ ತೋರೋ ಶಿಲುಬೆ. ಅದು ಕಂಡ್ರೆ ಜನ ತಾವಾಗೇ ಪಕ್ಕಕ್ಕೆ ಸರಿತಾರೆ. ಅದರ ಹಿಂದೆ ಎರಡು ಸಾಲಲ್ಲಿ ನಸರೇನೊಗಳು, ಅದೇ ಚೂಪು ಟೋಪಿಯವರು. ಟೋಪಿ ಹೆಸರು ಕಪಿರೋತೆ, ಒಳಗಿರೋದು ರಟ್ಟಿನ ಕೋನ್, ತಲೆ ಅಳತೆ ಕೊಟ್ಟು ಮಾಡಿಸ್ಕೋತಾರೆ. ಬಟ್ಟೆ ನೋಡಿದ್ರೆ ಬಳಗದ ಸ್ವಭಾವ ಗೊತ್ತಾಗತ್ತೆ. ಮೈಮೇಲೆ ಹಾರಾಡೋ ಕೇಪ್, ಬಣ್ಣದ ವೆಲ್ವೆಟ್ ಇದ್ರೆ ಬಡಾವಣೆ ಜನರ ಬಳಗ, ಬ್ಯಾಂಡು, ಚಪ್ಪಾಳೆ, ಹೂವಿನ ದಳ ಎಲ್ಲಾ ಇರತ್ತೆ. ಕೇಪ್ ಇಲ್ಲದ ಕಪ್ಪು ಬಟ್ಟೆ, ಸೊಂಟಕ್ಕೆ ಒರಟು ನಾರಿನ ಅಗಲ ಪಟ್ಟಿ ಇದ್ರೆ ಅವರು ಮೌನದವರು, ಅಲ್ಲಿ ನೀವು ಫೋನಲ್ಲಿ ಮಾತಾಡಿದ್ರೆ ನಾಲ್ಕು ಕಡೆಯಿಂದ "ಶ್‌ಶ್" ಬರತ್ತೆ.

ಕಟ್ಟುನಿಟ್ಟು ಬಳಗಗಳ ನಿಯಮ ಏನಂದ್ರೆ, ಮನೆಯಲ್ಲಿ ಈ ಬಟ್ಟೆ ಹಾಕ್ಕೊಂಡ ಕ್ಷಣದಿಂದ ಮುಖ ಮುಚ್ಚಿರಬೇಕು, ಯಾರ ಜೊತೆಗೂ ಮಾತಾಡಬಾರದು, ಅತೀ ಹತ್ರದ ದಾರಿ ಹಿಡಿದು ಚರ್ಚಿಗೆ ಹೋಗಬೇಕು. ಹಾಗಾಗಿ ಒಬ್ಬಂಟಿ ನಸರೇನೊ ಒಬ್ಬ ಯಾವುದೋ ಗಲ್ಲಿಯಲ್ಲಿ ಬಿರಬಿರನೆ ನಡೆದು ಹೋಗ್ತಿರೋದು ಕಾಣತ್ತೆ, ನನ್ನ ಕೇಳಿದ್ರೆ ಮೆರವಣಿಗೆಗಿಂತ ಆ ದೃಶ್ಯಾನೇ ಮನಸಲ್ಲಿ ಉಳಿಯತ್ತೆ. ಕಾಲಿಗೆ ಚಪ್ಪಲಿ ಇಲ್ದೇ ನಡೆಯೋರೂ ಇದ್ದಾರೆ, ಹರಕೆ ಇರತ್ತೆ, ಏನು ಹರಕೆ ಅಂತ ಯಾರೂ ಕೇಳಲ್ಲ. ಪ್ರತಿಯೊಬ್ಬರ ಹತ್ರಾನೂ ಪಪೆಲೇತಾ ದೆ ಸಿತಿಯೊ ಅಂತ ಒಂದು ಚೀಟಿ, ಈ ವರ್ಷ ನಿನ್ನ ಜಾಗ ಇಲ್ಲಿ ಅಂತ ಬರೆದಿರೋದು, ಅದನ್ನ ಜನ ಮನೆಯಲ್ಲಿ ಜೋಪಾನವಾಗಿ ಎತ್ತಿಡ್ತಾರೆ. ಹೆಂಗಸರಿಗೆ ಈ ಬಟ್ಟೆ ಹಾಕೋಕೆ ಬಹಳ ಬಳಗಗಳಲ್ಲಿ ಬಹಳ ಕಾಲ ಬಾಗಿಲು ಮುಚ್ಚಿತ್ತು, ಒಂದೊಂದಾಗಿ ತೆರೀತಾ ಬಂದು ಕೊನೆಗೆ 2011ರಲ್ಲಿ ಆರ್ಚ್‌ಬಿಷಪ್ ಎಲ್ಲಾ ಕಡೆ ಸಮಾನ ಹಕ್ಕು ಅಂತ ಆಜ್ಞೆ ಹೊರಡಿಸಿದ ಮೇಲೆ ಆ ಮಾತು ಮುಗೀತು. ಮುಖ ಮುಚ್ಚಿದ ಮೇಲೆ ಗಂಡು ಯಾರು ಹೆಣ್ಣು ಯಾರು ಅಂತ ಹೇಗೂ ಗೊತ್ತಾಗ್ತಿರ್ಲಿಲ್ಲ ಅನ್ನೋದು ಬೇರೆ ಮಾತು.

ಮಕ್ಕಳಿಗೆ ಇದೊಂದು ಬೇರೇನೇ ಹಬ್ಬ. ನಸರೇನೊ ನಿಂತಾಗ ಓಡಿಹೋಗಿ ಕೈ ಚಾಚಿದ್ರೆ ನಿಲುವಂಗಿ ಒಳಗಿಂದ ಚಾಕ್ಲೇಟು ಪೆಪ್ಪರ್‌ಮೆಂಟು ಬರತ್ತೆ. ಇನ್ನೊಂದು ಆಟ ಮೇಣದ್ದು. ಕೈಯಲ್ಲೊಂದು ಸಣ್ಣ ಉಂಡೆ ಹಿಡ್ಕೊಂಡು ಮೇಣದಬತ್ತಿ ಕೆಳಗೆ ಚಾಚ್ತಾರೆ, ನಸರೇನೊ ಬತ್ತಿ ಬಗ್ಗಿಸಿ ಹನಿ ಹನಿ ಬೀಳಿಸ್ತಾನೆ, ವಾರ ಮುಗಿಯೋ ಹೊತ್ತಿಗೆ ಉಂಡೆ ನಿಂಬೆಹಣ್ಣಿಂದ ಮೂಸಂಬಿ ಆಗಿರತ್ತೆ, ಮುಂದಿನ ವರ್ಷ ಅದೇ ಉಂಡೆಗೇ ಇನ್ನೊಂದು ಪದರ. ಬೇರೆ ಬೇರೆ ಬಳಗದ ಮೇಣದ ಬಣ್ಣ ಬೇರೆ ಬೇರೆ, ಹಾಗಾಗಿ ಕತ್ತರಿಸಿ ನೋಡಿದ್ರೆ ಪದರ ಪದರ ಕಾಣತ್ತೆ.

ಇಷ್ಟೊತ್ತು ಹೇಳಿದ್ದು ಬರೀ ಪೀಠಿಕೆ. ಜನ ಕಾಯೋದು ಪಾಸೊಗೆ. ಪಾಸೊ ಅಂದ್ರೆ ಚಕ್ರ ಇಲ್ಲದ ತೇರು. ಸಾಮಾನ್ಯವಾಗಿ ಒಂದು ಬಳಗಕ್ಕೆ ಎರಡು. ಮೊದಲನೇದು ಏಸುವಿಂದು, ಚಿನ್ನದ ರೇಕು ಹಚ್ಚಿದ ಮರದ ಕೆತ್ತನೆ, ಮೇಲೆ ಶಿಲುಬೆ ಹೊತ್ತ ಒಬ್ಬನೇ ಏಸು ಇರಬಹುದು, ಇಲ್ಲಾ ರೋಮನ್ ಸೈನಿಕರು ಕುದುರೆ ಎಲ್ಲಾ ಸೇರಿ ಇಡೀ ನಾಟಕದ ಒಂದು ದೃಶ್ಯ ಇರಬಹುದು. ಎರಡನೇದು ಮೇರಿಯದ್ದು, ಪಾಲಿಯೊ, ಹನ್ನೆರಡು ಕಂಬದ ಮೇಲೆ ಕಸೂತಿ ಮಾಡಿದ ವೆಲ್ವೆಟ್ ಮೇಲ್ಕಟ್ಟು, ಮುಂದೆ ಹತ್ತಾರು ಮೇಣದಬತ್ತಿ, ಬಿಳಿ ಹೂವು, ಹಿಂದೆ ಮಾರುಗಟ್ಟಲೆ ಉದ್ದದ ಶಾಲು.

ಮೂರ್ತಿಗಳು ಮರದ್ದು, ಬಹಳಷ್ಟು 17ನೇ ಶತಮಾನದ್ದು, ಮ್ಯೂಸಿಯಮ್ಮಲ್ಲಿ ಗಾಜಿನ ಹಿಂದೆ ಇರಬೇಕಾದವು ಬೀದಿಗೆ ಬರ್ತವೆ. ಖುವಾನ್ ದೆ ಮೆಸಾ 1620ರಲ್ಲಿ ಕೆತ್ತಿದ ಗ್ರಾನ್ ಪೊದೇರ್ ಅನ್ನೋ ಏಸು ಇದರಲ್ಲಿ ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು, ಶಿಲುಬೆ ಭಾರಕ್ಕೆ ಬಾಗಿದ ಬೆನ್ನು, ಮೇಣದ ಹೊಗೆಗೆ ಕಪ್ಪಾದ ಮುಖ, ಒಂದು ಹೆಜ್ಜೆ ಮುಂದಿಟ್ಟ ಕಾಲು, ಪಾಸೊ ನಡೀತಿದ್ರೆ ಅವನೇ ನಡ್ಕೊಂಡು ಬಂದ ಹಾಗೆ. ಮೆಸಾ 1627ರಲ್ಲಿ ತೀರಿಕೊಂಡ, ಆಮೇಲೆ ಹೆಸರೇ ಮರೆತುಹೋಯ್ತು, 20ನೇ ಶತಮಾನದಲ್ಲಿ ದಾಖಲೆ ಸಿಗೋ ತನಕ ಇದು ಅವನ ಗುರು ಮೊಂತಾನ್ಯೇಸ್ ಕೆತ್ತಿದ್ದು ಅಂತಾನೇ ಜನ ನಂಬಿದ್ರು.

ಮೇರಿಯ ಮೂರ್ತಿಗಳ ಲೆಕ್ಕ ಬೇರೆ, ನಮ್ಮ ದೇವಸ್ಥಾನಗಳಲ್ಲಿ ಅಲಂಕಾರ ನೋಡಿದವರಿಗೆ ಬೇಗ ಅರ್ಥ ಆಗತ್ತೆ. ಕೆತ್ತಿರೋದು ಮುಖ ಮತ್ತೆ ಕೈ ಮಾತ್ರ, ಉಳಿದಿದ್ದು ಮರದ ಚೌಕಟ್ಟು, ಅದರ ಮೇಲೆ ಸೀರೆ ಉಡಿಸಿದ ಹಾಗೆ ಪದರ ಪದರ ಬಟ್ಟೆ ಹಾಕಿ ಪಿನ್ನು ಚುಚ್ಚಿ ಅಲಂಕಾರ ಮಾಡೋಕೆ ಅಂತಾನೇ ಒಬ್ಬ ಇರ್ತಾನೆ. ಕೆನ್ನೆ ಮೇಲಿನ ಕಣ್ಣೀರು ಗಾಜಿಂದು. ಎಲ್ಲರಿಗಿಂತ ಪ್ರಸಿದ್ಧಿ ಮಕರೇನಾ ಬಡಾವಣೆಯ ಎಸ್ಪೆರಾಂಸಾ, ಎಸ್ಪೆರಾಂಸಾ ಅಂದ್ರೆ ಭರವಸೆ, ಕೆತ್ತಿದವರು ಯಾರೋ ಗೊತ್ತಿಲ್ಲ. ಎದೆ ಮೇಲಿನ ಹಸಿರು ಕಲ್ಲಿನ ಬ್ರೋಚ್‌ಗಳು ಖೊಸೆಲೀತೊ ಅನ್ನೋ ಗೂಳಿ ಕಾಳಗದವನು ಕೊಟ್ಟಿದ್ದು, 1920ರ ಮೇನಲ್ಲಿ ಅವನು ಗೂಳಿ ತಿವಿದು ಸತ್ತಾಗ ಬಳಗದವರು ದೇವಿಗೆ ಕಪ್ಪು ಬಟ್ಟೆ ಉಡಿಸಿ ಸೂತಕ ಹಿಡಿಸಿದ್ರು. ಯಾರದೋ ಹಳೇ ಕಾಲದ ಹುಚ್ಚು ಅನ್ಕೋಬೇಡಿ. 2025ರ ಜೂನಲ್ಲಿ ಏನೋ ಸಣ್ಣ ರಿಪೇರಿ ಅಂತ ಒಳಗೆ ಕರ್ಕೊಂಡು ಹೋಗಿ ವಾಪಸ್ ತಂದು ಕೂರಿಸಿದಾಗ ರೆಪ್ಪೆಗೂದಲು ಉದ್ದ ಆಗಿದೆ, ಇದು ನಮ್ಮ ತಾಯಿ ಮುಖಾನೇ ಅಲ್ಲ ಅಂತ ಊರಿಗೆ ಊರೇ ಎದ್ದುಬಿಡ್ತು, ಮತ್ತೆ ಮತ್ತೆ ತಿದ್ದಬೇಕಾಯ್ತು, ಬಳಗದವರು ಕ್ಷಮೆ ಕೇಳಬೇಕಾಯ್ತು. ಕಣ್ಣು ರೆಪ್ಪೆಯ ಅಳತೆ ಇಡೀ ಊರಿಗೆ ಬಾಯಿಪಾಠ.

ಇಷ್ಟು ದೊಡ್ಡ ತೇರು ಚಕ್ರ ಇಲ್ದೇ ನಡೆಯೋದು ಹೇಗೆ ಅಂದ್ರೆ ಕೆಳಗೆ ಬಗ್ಗಿ ನೋಡಿ. ಸುತ್ತ ಬಟ್ಟೆ ಇಳಿಬಿಟ್ಟಿರತ್ತೆ, ಅಂಚಲ್ಲಿ ಬರೀ ಪಾದಗಳು ಕಾಣ್ತವೆ. ಒಳಗಿರೋರು ಕೊಸ್ತಲೇರೊಗಳು, ಪಾಸೊ ದೊಡ್ಡದೋ ಚಿಕ್ಕದೋ ನೋಡ್ಕೊಂಡು ಮೂವತ್ತರಿಂದ ಐವತ್ತು ಜನ. ಅಡ್ಡಡ್ಡ ತೊಲೆಗಳಿಗೆ ಸಾಲು ಸಾಲಾಗಿ ನಿಂತು, ಹೆಗಲ ಮೇಲಲ್ಲ, ಕತ್ತಿನ ಬುಡದ ಮೂಳೆ ಮೇಲೆ ಭಾರ ಹೊರ್ತಾರೆ. ತೂಕ ಒಂದು ಟನ್ನಿಗೆ ಕಮ್ಮಿ ಇರೋದು ಅಪರೂಪ, ದೊಡ್ಡವು ಎರಡು ಟನ್ ಹತ್ರ ಹೋಗ್ತವೆ, ಅಂದ್ರೆ ಒಬ್ಬೊಬ್ಬರಿಗೆ ಸುಮಾರು 40 ಕಿಲೋ, ತೊಲೆ ಒಂದು ಕಡೆ ವಾಲಿದ್ರೆ ಇನ್ನೂ ಜಾಸ್ತಿ. ಹೆಸರು ಬಂದಿದ್ದು ಕೊಸ್ತಲ್‌ನಿಂದ, ಅಂದ್ರೆ ಗೋಣಿಚೀಲ. ಆ ಬಟ್ಟೆನ ತಲೆಗೆ ಬಿಗಿಯಾಗಿ ಸುತ್ತಿ ಹಿಂದೆ ಕತ್ತಿನ ಹತ್ರ ಒಂದು ಸುರುಳಿ ಬರೋ ಹಾಗೆ ಮಾಡ್ಕೋತಾರೆ, ನಮ್ಮ ಹೆಂಗಸರು ಕೊಡ ಹೊರೋವಾಗ ತಲೆ ಮೇಲೆ ಇಡ್ತಿದ್ದ ಸಿಂಬೆ ಇದ್ಯಲ್ಲ, ಅದೇ ಕೆಲಸ, ಜಾಗ ಮಾತ್ರ ಬೇರೆ.

ಒಳಗಿರೋರಿಗೆ ಏನೂ ಕಾಣಲ್ಲ. ಕಣ್ಣು ಅಂದ್ರೆ ಹೊರಗಿರೋ ಕಪತಾಸ್, ಮೇಸ್ತ್ರಿ ಅನ್ನಿ. ಪಾಸೊ ಮುಂದೆ ಒಂದು ಲೋಹದ ಸುತ್ತಿಗೆ ಇರತ್ತೆ, ಬಾಗಿಲು ತಟ್ಟೋ ಹಿಡಿ ಥರ. ಅವನು ಅದನ್ನ ತಟ್ಟಿ ಒಳಗಿನವರನ್ನ ಎಚ್ಚರಿಸ್ತಾನೆ, ಎರಡು ಮಾತಾಡ್ತಾನೆ, ಎಷ್ಟೋ ಸಲ ಈ ಎತ್ತೋದು ಇಂಥವರ ನೆನಪಿಗೆ, ಆಸ್ಪತ್ರೇಲಿ ಇರೋ ಇಂಥ ಮಗುಗೆ ಅಂತ ಹೇಳ್ತಾನೆ, ಆಮೇಲೆ "ಆ ಎಸ್ತಾ ಎಸ್", ಈ ಏಟಿಗೇ ಅಂತ ಕೂಗಿ ಸುತ್ತಿಗೆ ಹೊಡೀತಿದ್ದ ಹಾಗೆ ಎರಡು ಟನ್ ತೂಕ ಒಂದೇ ನೆಗೆತಕ್ಕೆ ಗಾಳಿಗೆ ಏಳತ್ತೆ. ಪಾಲಿಯೊದ ಬೆಳ್ಳಿ ಕಂಬಗಳೆಲ್ಲ ಒಂದಕ್ಕೊಂದು ತಾಗಿ ಝಲ್ ಅನ್ನತ್ತೆ, ಸುತ್ತ ಚಪ್ಪಾಳೆ. ಎತ್ತಿದಾಗಿಂದ ಇಳಿಸೋ ತನಕ ನಡೆಯೋ ದೂರಕ್ಕೆ ಚಿಕೊತಾ ಅಂತಾರೆ. ಮಂಗಳವಾರ ಸಾನ್ ಎಸ್ತೇಬಾನ್ ಚರ್ಚಿನ ಮುಂದೆ ನಿಂತ್ರೆ ಮೈ ಜುಂ ಅನ್ನತ್ತೆ, ಬಾಗಿಲ ಕಮಾನು ಅಷ್ಟು ಕುಳ್ಳು, ಪಾಸೊ ಹೊರೋರೆಲ್ಲ ಮೊಣಕಾಲಲ್ಲಿ ತೆವಳ್ಕೊಂಡು ಆಚೆ ಬರ್ತಾರೆ, ಅಂಗುಲ ಅಂಗುಲಕ್ಕೆ ಕಪತಾಸ್ ಹೇಳ್ತಿರ್ತಾನೆ, ಎಡಕ್ಕೆ ಸ್ವಲ್ಪ, ಸ್ವಲ್ಪ ಅಂದ್ನಲ್ಲ.

ಇದಕ್ಕೆ ತಯಾರಿ ತಿಂಗಳುಗಟ್ಟಲೆ. ವರ್ಷದ ಶುರುವಲ್ಲೇ ಎಲ್ಲರನ್ನೂ ನಿಲ್ಲಿಸಿ ಕತ್ತಿನ ಎತ್ತರ ನೋಡಿ ಒಂದೊಂದು ತೊಲೆಗೆ ಸಮ ಎತ್ತರದವರನ್ನ ಜೋಡಿಸ್ತಾರೆ, ಆಮೇಲೆ ರಾತ್ರಿ ಹೊತ್ತು ಬೀದಿಗಳಲ್ಲಿ ಖಾಲಿ ಚೌಕಟ್ಟಿನ ಮೇಲೆ ಮೂಟೆ ಹೇರಿಕೊಂಡು ಪ್ರಾಕ್ಟೀಸ್. ಫೆಬ್ರವರಿ ಮಾರ್ಚಲ್ಲಿ ಸೆವಿಯಾಗೆ ಹೋದವರಿಗೆ ಇದು ಬಿಟ್ಟಿ ನೋಡೋಕೆ ಸಿಗತ್ತೆ, ಯಾವ ನೂಕುನುಗ್ಗಲೂ ಇಲ್ಲ. ಒಂದು ವಿಷಯ ನನಗೆ ಬಹಳ ಆಶ್ಚರ್ಯ ಆಗಿದ್ದು, ಹೊರೋದು ಗೌರವ ಅಂತ ಬಂದಿದ್ದು ಇತ್ತೀಚೆಗೆ. ಮೊದಲು ಬಂದರಲ್ಲಿ ಮೂಟೆ ಹೊರೋ ಕೂಲಿಯವರಿಗೆ ದುಡ್ಡು ಕೊಟ್ಟು ಹೊರಿಸ್ತಿದ್ರು. ಬಂದರಿಗೆ ಯಂತ್ರ ಬಂತು, ಅಂಥ ಕೂಲಿಯವರು ಸಿಗೋದು ಕಷ್ಟ ಆಯ್ತು, ಸಿಕ್ಕಿದ್ರೂ ದುಬಾರಿ, 1973ರಲ್ಲಿ ಲೋಸ್ ಎಸ್ತುದಿಯಾಂತೆಸ್ ಅನ್ನೋ ಯೂನಿವರ್ಸಿಟಿ ಬಳಗದ ಹುಡುಗರು ನಾವೇ ಹೊರ್ತೀವಿ ಅಂತ ಕೆಳಗೆ ಹೋದ್ರು. ಬಹಳ ಜನ ನಕ್ಕಿದ್ರು. ಈಗ ಆ ಜಾಗಕ್ಕೆ ಕ್ಯೂ. ಅಂದಹಾಗೆ ಪಕ್ಕದ ಮಾಲಗಾದಲ್ಲಿ ಪದ್ಧತಿಯೇ ಬೇರೆ, ಅಲ್ಲಿ ತೇರಿಗೆ ತ್ರೋನೊ ಅಂತಾರೆ, ಉದ್ದ ದಂಡಗಳನ್ನ ಹೊರಗೆ ನಿಂತೇ ಹೆಗಲ ಮೇಲೆ ಹೊರ್ತಾರೆ, ನಮ್ಮ ಪಲ್ಲಕ್ಕಿ ಥರ. ಯಾವುದು ಚೆಂದ ಅಂತ ಎರಡೂರಿನವರ ಮುಂದೆ ಬಾಯಿ ಬಿಡ್ಬೇಡಿ.

ಏಸುವಿನ ಪಾಸೊ ಹಿಂದೆ ಬರೋ ಕೆಲವರು ಶಿಲುಬೆ ಹೊತ್ತಿರ್ತಾರೆ, ಅವರ ಟೋಪಿ ಮಾತ್ರ ಚೂಪಿಲ್ಲ, ಹಿಂದಕ್ಕೆ ಜೋತುಬಿದ್ದಿರತ್ತೆ, ಒಳಗೆ ರಟ್ಟಿಲ್ಲ. ಕೊನೆಗೆ ಪಾಲಿಯೊ, ಅದರ ಹಿಂದೆ ಬ್ಯಾಂಡು. ಕೊಸ್ತಲೇರೊಗಳು ಆ ತಾಳಕ್ಕೆ ಹೆಜ್ಜೆ ಹಾಕೋದ್ರಿಂದ ಮೇಲ್ಕಟ್ಟಿನ ಅಂಚು ಅತ್ತ ಇತ್ತ ತೂಗತ್ತೆ, ದೇವಿ ನಡೀತಾಳೆ ಅಂತಾರೆ ಜನ. ಗ್ರಾನ್ ಪೊದೇರ್‌ನಂಥ ಮೌನದವರಿಗೆ ಬ್ಯಾಂಡೇ ಇಲ್ಲ, ಬರೀ ಪಾದ ಎಳೆಯೋ ಸದ್ದು.

ಆ ಮೌನದ ನಡುವೆ ಒಂದೊಂದು ಸಲ ಯಾವುದೋ ಬಾಲ್ಕನಿಯಿಂದ ಒಬ್ರು ಹಾಡೋಕೆ ಶುರು ಮಾಡ್ತಾರೆ. ಸಯೇತಾ. ಪದದ ಅರ್ಥ ಬಾಣ. ವಾದ್ಯ ಇಲ್ಲ, ತಾಳ ಇಲ್ಲ, ಫ್ಲಮೆಂಕೊ ಅನ್ನೋ ಅಲ್ಲಿಯ ಹಾಡಿನ ಗಂಟಲಿನ ಸುತ್ತು ಸುತ್ತು ಎಳೆತ, ನಾಲ್ಕೈದು ಸಾಲು ಅಷ್ಟೇ, ನೇರ ಮೂರ್ತಿಯನ್ನ ನೋಡ್ಕೊಂಡು. ಪಾಸೊ ನಿಲ್ಲತ್ತೆ, ಸಾವಿರಾರು ಜನ ಉಸಿರು ಬಿಗಿ ಹಿಡೀತಾರೆ, ಹಾಡು ಮುಗಿದ ಮೇಲೆ ಒಂದು "ಓಲೆ", ನಮ್ಮ ಭಲೇ ಇದ್ದ ಹಾಗೆ.

ಇಷ್ಟೊಂದು ಬಳಗಗಳು ಒಂದೇ ಹಳೇ ಊರಿನ ಗಲ್ಲಿಗಳಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೀದೇ ಹೇಗೆ ಹೋಗ್ತವೆ? ಕೊನೇ ಭಾಗ ಎಲ್ಲರಿಗೂ ಒಂದೇ ದಾರಿ, ಕರೇರಾ ಓಫಿಸಿಯಾಲ್, ಲಾ ಕಾಂಪಾನಾ ಅನ್ನೋ ಚೌಕದಿಂದ ಸಿಯೇರ್ಪೆಸ್ ಬೀದಿ, ಸಾನ್ ಫ್ರಾನ್ಸಿಸ್ಕೊ ಚೌಕ ಹಾದು ಕ್ಯಾಥೆಡ್ರಲ್. ಕಾಂಪಾನಾದಲ್ಲಿ ಒಂದು ಕಟ್ಟೆ, ಅಲ್ಲಿ ಬಳಗದವರು ಮುಂದೆ ಬಂದು ದಾರಿಗೆ ಅಪ್ಪಣೆ ಕೇಳಬೇಕು, ಗಡಿಯಾರ ನೋಡಿ ಬರ್ಕೋತಾರೆ, ಲೇಟಾದ್ರೆ ಹಿಂದಿನವರಿಗೆಲ್ಲ ಲೇಟು, ಮಾರನೇ ದಿನ ಪೇಪರಲ್ಲಿ ಯಾರು ಎಷ್ಟು ನಿಮಿಷ ತಿಂದ್ರು ಅಂತ ಚರ್ಚೆ. ಈ ದಾರಿಯ ಉದ್ದಕ್ಕೂ ಬಾಡಿಗೆ ಕುರ್ಚಿ, ಬಹುಪಾಲು ವರ್ಷ ವರ್ಷ ಅದೇ ಕುಟುಂಬಗಳ ಕೈಲಿ. ನಿಮಗೆ ಕುರ್ಚಿ ಸಿಗಲಿಲ್ಲ ಅಂತ ಬೇಜಾರು ಬೇಡ, ಅಲ್ಲಿ ಕೂತು ನೋಡೋದು ಟಿವಿ ನೋಡಿದ ಹಾಗೆ. ಮಜಾ ಇರೋದು ಬಳಗ ಚರ್ಚಿಂದ ಹೊರಡೋ ಗಳಿಗೆಯಲ್ಲಿ, ಇಲ್ಲಾ ನಡುರಾತ್ರಿ ತನ್ನ ಬಡಾವಣೆಗೆ ವಾಪಸ್ ಬರೋವಾಗ, ಆಗ ನೋಡೋಕೆ ನಿಂತಿರೋರು ಬರೀ ಅಕ್ಕಪಕ್ಕದ ಮನೆಯವರು.

ಎಲ್ಲಕ್ಕೂ ದೊಡ್ಡದು ಮದ್ರುಗಾ, ಗುರುವಾರ ರಾತ್ರಿಯಿಂದ ಶುಕ್ರವಾರ ಮಧ್ಯಾಹ್ನದ ತನಕ. ಆರು ಬಳಗ: ಎಲ್ ಸಿಲೆನ್ಸಿಯೊ, ಗ್ರಾನ್ ಪೊದೇರ್, ಮಕರೇನಾ, ಎಲ್ ಕಲ್ವಾರಿಯೊ, ತ್ರಿಯಾನಾದ ಎಸ್ಪೆರಾಂಸಾ, ಲೋಸ್ ಖಿತಾನೋಸ್. ಆರರಲ್ಲಿ ಮೂರು ಮೌನದವು, ಮೂರು ಅಬ್ಬರದವು. ಎಲ್ಲಾ ನೋಡ್ತೀನಿ ಅಂತ ಓಡಿದ್ರೆ ಯಾವುದೂ ಸಿಗಲ್ಲ, ಊರಿನ ನಡುವೆ ನೀರು ತುಂಬಿದ ಹಾಗೆ ಜನ. ಈ ನೂಕುನುಗ್ಗಲಿಗೆ ಅಲ್ಲಿಯವರು ಬುಯಾ ಅಂತಾರೆ, ಅದರಲ್ಲಿ ನಡೆಯೋದೂ ಒಂದು ವಿದ್ಯೆ, ತಳ್ಳಬಾರದು, ನಿಲ್ಲಬಾರದು, ಹರಿಯೋ ಕಡೆ ಹರೀಬೇಕು. 2000ದಲ್ಲೂ 2017ರಲ್ಲೂ ಆ ರಾತ್ರಿ ಏನೋ ಗಾಬರಿಗೆ ಜನ ಓಡಿ ಕಾಲ್ತುಳಿತ ಆಗಿದೆ, ಹಾಗಾಗಿ ಮಕ್ಕಳು ಮುದುಕರು ಜೊತೆಗಿದ್ರೆ ಅಗಲ ಬೀದಿ ನೋಡ್ಕೊಂಡು ನಿಲ್ಲಿ. ನನ್ನ ಸಲಹೆ ಕೇಳೋದಾದ್ರೆ ರಾತ್ರಿ ಒಂದು ಮೌನದ್ದು ನೋಡಿ, ಎರಡು ಗಂಟೆ ಮಲಗಿ, ಬೆಳಕು ಹರಿದ ಮೇಲೆ ಮಕರೇನಾ ವಾಪಸ್ ಹೋಗೋದು ನೋಡಿ. ನಡುರಾತ್ರಿ ಹೊರಟವಳು, ಬಿಸಿಲಲ್ಲಿ ಮೇಣವೆಲ್ಲ ಬಾಗಿ ಕರಗಿ ಹೂ ಬಾಡಿರತ್ತೆ, ಬ್ಯಾಂಡಿನವರ ತುಟಿ ಊದಿರತ್ತೆ, ಆದ್ರೂ ಜನ ಬಿಡಲ್ಲ.

ಮಳೆ ಬಂದ್ರೆ ಎಲ್ಲಾ ಕ್ಯಾನ್ಸಲ್. ನಾನೂರು ವರ್ಷದ ಮರ, ಚಿನ್ನದ ಕಸೂತಿ, ಒದ್ದೆ ಮಾಡೋಕಾಗಲ್ಲ. ಬಳಗದವರು ಹವಾಮಾನ ಇಲಾಖೆಗೆ ಫೋನ್ ಮಾಡ್ತಾ ಕೂತಿರ್ತಾರೆ, ಕೊನೆಗೆ ಬಾಗಿಲು ತೆರೀದೇ ಹೋದ್ರೆ ಚರ್ಚ್ ಒಳಗೆ ದೊಡ್ಡ ದೊಡ್ಡ ಗಂಡಸರು ಬಿಕ್ಕಿ ಬಿಕ್ಕಿ ಅಳೋದು ಟಿವಿಯಲ್ಲಿ ಬರತ್ತೆ. 2011ರ ಮದ್ರುಗಾ ಹಾಗೇ ಹೋಯ್ತು, 2024ರದ್ದೂ ಹೋಯ್ತು. 2020, 2021 ಎರಡು ವರ್ಷ ಕೋವಿಡ್‌ಗೆ ಹೋಯ್ತು.

ಹೋಗೋರಿಗೆ ಒಂದೆರಡು ಮಾತು. ಮ್ಯಾಡ್ರಿಡ್‌ನಿಂದ ಎರಡೂವರೆ ಗಂಟೆ ರೈಲು, ಆ ವಾರದ ರೂಮುಗಳ ರೇಟು ಮಾತ್ರ ಕೇಳಬೇಡಿ, ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ, ಇಲ್ಲಾ ಕೊರ್ದೊಬಾದಲ್ಲಿ ಉಳ್ಕೊಂಡು ಮುಕ್ಕಾಲು ಗಂಟೆ ರೈಲಲ್ಲಿ ಬಂದು ಹೋಗಿ. ನಸರೇನೊಗಳ ಸಾಲು ಸೀಳಿ ಓಡಬೇಡಿ, ನಿಂತಾಗ ಕೇಳಿ ದಾಟಿ. ಗರಿಗಳ ಭಾನುವಾರ ಏನಾದ್ರೂ ಹೊಸದು ಹಾಕ್ಕೊಳ್ಳಿ, ಸಾಕ್ಸ್ ಆದ್ರೂ ಸರಿ, ಹಾಕದೇ ಇದ್ದವರ ಕೈ ಉದುರತ್ತೆ ಅಂತ ಅಲ್ಲಿ ಗಾದೆ. ಸಸ್ಯಾಹಾರಿಗಳಿಗೆ ಆ ಊರಲ್ಲಿ ಕಾಪಾಡೋದು ಎಸ್ಪಿನಾಕಾಸ್ ಕೋನ್ ಗರ್ಬಾನ್ಸೋಸ್, ಪಾಲಕ್ ಮತ್ತೆ ಕಾಬೂಲ್ ಕಡಲೆ, ಜೀರಿಗೆ ಹಾಕಿರ್ತಾರೆ, ಚಪಾತಿ ಒಂದಿದ್ದಿದ್ರೆ ಮನೆ ಊಟಾನೇ. ಸಾಲ್ಮೊರೇಖೊ ಅಂತ ಟೊಮ್ಯಾಟೊ ತಣ್ಣನೆ ಸೂಪು ಚೆನ್ನಾಗಿರತ್ತೆ, ಆದ್ರೆ ಮೇಲೆ ಹಂದಿ ಮಾಂಸದ ಚೂರು, ಮೊಟ್ಟೆ ಉದುರಿಸಿ ಕೊಡ್ತಾರೆ, ಬೇಡ ಅಂತ ಮೊದಲೇ ಹೇಳಿ. ತೋರಿಖಾಸ್ ಬಿಡಬೇಡಿ, ಹಳೇ ಬ್ರೆಡ್ಡನ್ನ ಹಾಲಲ್ಲೋ ವೈನಲ್ಲೋ ನೆನೆಸಿ ಮೊಟ್ಟೆಯಲ್ಲಿ ಅದ್ದಿ ಕರಿದು ಜೇನು ಸುರಿದಿದ್ದು, ಈ ಹಬ್ಬದ ತಿಂಡಿ.

ಮಧ್ಯಾಹ್ನ ಮೆರವಣಿಗೆ ಶುರುವಾಗೋ ಮುಂಚೆ ಬೆಳಗ್ಗೆ ಹೊತ್ತು ಖಾಲಿ ಇರತ್ತೆ, ಚರ್ಚುಗಳಿಗೆ ಹೋದ್ರೆ ಪಾಸೊಗಳನ್ನ ಹತ್ರದಿಂದ ನೋಡಬಹುದು. ಆ ವಾರ ಹೋಗೋಕಾಗದವರು ವರ್ಷದ ಬೇರೆ ದಿನ ಹೋದ್ರೂ ಮೂರ್ತಿಗಳು ಅವರವರ ಚರ್ಚಲ್ಲೇ ಇರ್ತವೆ, ಸಾನ್ ಲೊರೆನ್ಸೊ ಚೌಕದಲ್ಲಿ ಗ್ರಾನ್ ಪೊದೇರ್‌ನ ಹಿಂದಿನಿಂದ ಹತ್ತಿ ಹಿಮ್ಮಡಿಗೆ ಮುತ್ತಿಡೋ ಕ್ಯೂ ಕಾಣತ್ತೆ. ಕ್ಯಾಥೆಡ್ರಲ್‌ನ ಖಿರಾಲ್ದಾ ಗೋಪುರ ಹತ್ತಿ, ಅದು 12ನೇ ಶತಮಾನದ ಮಸೀದಿಯ ಮಿನಾರು, 1248ರಲ್ಲಿ ಊರು ಕ್ರೈಸ್ತರ ಕೈಗೆ ಬಂದ್ರೂ ಕೆಡವಲಿಲ್ಲ, ಮೇಲೆ ಗಂಟೆ ಮನೆ ಕಟ್ಟಿದ್ರು ಅಷ್ಟೇ. ಒಳಗೆ ಮೆಟ್ಟಿಲಿಲ್ಲ, ಇಳಿಜಾರು, ಕುದುರೆ ಹತ್ಲಿ ಅಂತ. ಪಕ್ಕದಲ್ಲೇ ಆರ್ಕೀವೊ ದೆ ಇಂದಿಯಾಸ್, ಸ್ಪೇನಿನ ಹಳೇ ವಸಾಹತುಗಳ ದಾಖಲೆ ಮನೆ, ಇಂದಿಯಾಸ್ ಅಂತ ನೋಡಿ ನಮ್ಮದೇನೋ ಇದೆ ಅಂತ ಆಸೆಯಿಂದ ಒಳಗೆ ಹೋಗಬೇಡಿ, ಅದು ಕೊಲಂಬಸ್ ಅಮೆರಿಕಾನ ನಮ್ಮೂರು ಅನ್ಕೊಂಡಿದ್ದರ ಫಲ.

ಈಸ್ಟರ್ ಆಗಿ ಎರಡು ವಾರಕ್ಕೆ ಸಾಮಾನ್ಯವಾಗಿ ಫೇರಿಯಾ. 1847ರಲ್ಲಿ ದನದ ಜಾತ್ರೆಯಾಗಿ ಶುರುವಾಗಿದ್ದು, ಈಗ ದನ ಇಲ್ಲ, ಸಾವಿರಕ್ಕೂ ಮೇಲೆ ಟೆಂಟು, ಚುಕ್ಕಿ ಚುಕ್ಕಿ ಫ್ರಿಲ್ ಗೌನು, ಸೆವಿಯಾನಾಸ್ ಕುಣಿತ, ಶೆರಿ ವೈನಿಗೆ ನಿಂಬೆ ಸೋಡಾ ಬೆರೆಸಿದ ರೆಬುಖೀತೊ. ಟೆಂಟುಗಳು ಬಹುಪಾಲು ಪ್ರೈವೇಟು, ಪರಿಚಯದವರು ಕರೀದೇ ಒಳಗೆ ಬಿಡಲ್ಲ, ಎಲ್ಲರಿಗೂ ಅಂತ ಇರೋವು ಕೆಲವೇ. ಅದರ ಕಥೆ ಬೇರೇನೇ ಬರೀಬೇಕು.

ಹಬ್ಬ ಮುಗಿದ ಸೋಮವಾರ ಊರು ಕೀರಲು ದನಿ ತೆಗೆಯತ್ತೆ. ವಾರಪೂರ್ತಿ ಬಿದ್ದ ಮೇಣ ಕಲ್ಲು ಹಾಸಿನ ಮೇಲೆ ಪದರ ಕಟ್ಟಿರತ್ತೆ, ಕಾರು ತಿರುಗಿದ್ರೆ ಟೈರು ಕೀಂಯ್ ಅನ್ನತ್ತೆ, ನಡೆದ್ರೆ ಶೂ ಕಿಚ್ ಕಿಚ್ ಅನ್ನತ್ತೆ, ನಗರಸಭೆಯವರು ಬಿಸಿನೀರಿನ ಮಿಷನ್ ತಂದು ದಿನಗಟ್ಟಲೆ ಕೆರೀತಾರೆ. ನಾನು ಬೆಂಗಳೂರಿಗೆ ಬಂದು ಮನೆ ಮುಂದಿನ ಗ್ರಾನೈಟ್ ಮೇಲೆ ಕಾಲಿಟ್ಟಾಗ್ಲೂ ಬಲಗಾಲಿನ ಶೂ ಇನ್ನೂ ಕಿಚ್ ಅಂತಿತ್ತು.